ವತಾರು ಗ್ಯಾರೇಜಿನ ಕೊನೆಯ ಮೈಲಿ ಲೆಕ್ಕ

ಅಧ್ಯಕ್ಷ ಸ್ಥಾನದಲ್ಲಿರುವ ಡೊಮಿಂಗೊ ಅಗ್ಬಾಯಾನಿ ಅವರೇ, ರಾಜಧಾನಿ ಹೊನಲುಲುವಿನಿಂದ ವಿಮಾನ ಹತ್ತಿ ಬಂದಿರುವ ರಸ್ತೆ ಇಲಾಖೆಯ ಅತಿಥಿಗಳೇ, ಇಂದು ಸನ್ಮಾನಗೊಳ್ಳುತ್ತಿರುವ ವತಾರು ಕುನಿಮಿತ್ಸು ಅವರೇ, ಪಾಹಲ ಊರಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಹಿಂದಿನ ಸಾಲಿನಲ್ಲಿ ಆಗಲೇ ಕರಿದ ಲುಂಪಿಯಾ ಸುರುಳಿಗಳನ್ನು ಕರಂಕುರುಂ ಎನ್ನಿಸುತ್ತಿರುವ ಸಭಿಕರೇ,

ನಾನು ಅಡೆಲಿನ್ ಕಬ್ರಾಲ್. ಈ ಊರಿನ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಇಲ್ಲಿರುವ ಅರ್ಧಕ್ಕರ್ಧ ಜನರಿಗೆ ಒಂದಲ್ಲ ಒಂದು ದಿನ "ಬಾಯ್ಮುಚ್ಕೊಂಡು ಕೂತ್ಕೊಳ್ರೋ" ಎಂದು ಗದರಿದ್ದೇನೆ. ಸಮಿತಿಯವರು ನನಗೆ ಎರಡು ಕೆಲಸ ಒಪ್ಪಿಸಿದ್ದಾರೆ. ನಮ್ಮೆಲ್ಲರ ಗಾಡಿಗಳಿಗೆ ವರ್ಷವರ್ಷವೂ ತಪಾಸಣೆ ಮಾಡಿ ಚೀಟಿ ಅಂಟಿಸಿದ ವತಾರು ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುವುದು ಒಂದು. ಇಗೋ, ಈ ಮೇಜಿನ ಮೇಲಿರುವ ನೀಲಿ ಸೂಟ್‌ಕೇಸನ್ನು ಊರಿನ ಪರವಾಗಿ ಅವರ ಕೈಗೆ ಕೊಡುವುದು ಇನ್ನೊಂದು. ಶನಿವಾರ ಗ್ಯಾರೇಜಿಗೆ ಬೀಗ. ಭಾನುವಾರ ಅವರು ಲಾಸ್ ವೇಗಸ್‌ನಲ್ಲಿರುವ ಮಗಳ ಮನೆಯಲ್ಲೇ ನೆಲೆಸಲು ಹೊರಡುತ್ತಾರೆ. ಒಳ್ಳೆಯ ಮಾತು ಆಡುತ್ತೇನೆ, ಅದಕ್ಕೇನಂತೆ. ಆದರೆ ಮೊದಲು ನನ್ನ ಸಿಟ್ಟು ಇಳಿಯಬೇಕು.

ಸಿಟ್ಟು ಯಾರ ಮೇಲೆ? ಮೈಲಿ ತೆರಿಗೆಯ ಮೇಲೆ. ಇಷ್ಟು ವರ್ಷ ನಾವು ರಸ್ತೆಗೆ ದುಡ್ಡು ಕೊಡುತ್ತಿದ್ದದ್ದು ಹೇಗೆ? ಪೆಟ್ರೋಲ್ ಹಾಕಿಸಿದಾಗ ಅದರೊಳಗೇ ತೆರಿಗೆ ಸೇರಿರುತ್ತಿತ್ತು, ಕೊಟ್ಟದ್ದೂ ಗೊತ್ತಾಗುತ್ತಿರಲಿಲ್ಲ. ಈಗ ಕರೆಂಟಿನ ಕಾರುಗಳು ಬಂದವು. ಅವು ಪೆಟ್ರೋಲ್ ಕುಡಿಯುವುದಿಲ್ಲ, ಆದರೆ ರಸ್ತೆ ಮಾತ್ರ ಸವೆಸುತ್ತವೆ. ಆದ್ದರಿಂದ ಪೆಟ್ರೋಲ್ ತೆರಿಗೆ ಬಿಟ್ಟು, ಓಡಿದ ಮೈಲಿಗೆ ಇಷ್ಟು ಎಂದು ಕಟ್ಟಿ ಎನ್ನುತ್ತಾರೆ. ಮೊದಲು ನನ್ನಂಥ ಕರೆಂಟಿನ ಕಾರಿನವರು, ಬರಬರುತ್ತಾ ಎಲ್ಲರೂ. ಅತಿಥಿಗಳು ಈಗಷ್ಟೇ ಅದನ್ನು ಬಹಳ ಚೆನ್ನಾಗಿ ವಿವರಿಸಿದರು. ನ್ಯಾಯವಾಗಿಯೇ ಇದೆ. ನ್ಯಾಯವಾಗಿದೆ ಎಂಬುದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತದೆ.

ನನ್ನ ತಮ್ಮ ರೂಬೆನ್ ಅಲ್ಲಿ ಕೂತು ನಗುತ್ತಿದ್ದಾನೆ. ನಗಬೇಡವೋ. ಸಭಿಕರೇ, ಈ ಸುದ್ದಿ ಕೇಳಿದ ವಾರವೇ ಇವನು ತನ್ನ ಹಳೆಯ ಪಿಕಪ್ ಲಾರಿಯನ್ನು ಮೆಕಡೇಮಿಯಾ ತೋಟದ ಉದ್ದಕ್ಕೂ ಹಿಮ್ಮುಖವಾಗಿ ಓಡಿಸಿದ. ಮೀಟರು ಹಿಂದಕ್ಕೆ ತಿರುಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಮೀಟರು ತಿರುಗಲಿಲ್ಲ, ಇವನ ಕತ್ತು ತಿರುಗಿ ಹಾಗೇ ನಿಂತುಬಿಟ್ಟಿತು. ಹದಿನೈದು ದಿನ ಊರಿನವರನ್ನೆಲ್ಲ ಓರೆಗಣ್ಣಿನಲ್ಲಿ ನೋಡಿಕೊಂಡು ಓಡಾಡಿದ.

ಇರಲಿ. ನನ್ನ ಪ್ರಶ್ನೆ ಬೇರೆ. ಮೈಲಿಯನ್ನು ಓದುವವರು ಯಾರು? ತಪಾಸಣೆ ಮಾಡುವ ಗ್ಯಾರೇಜಿನವರು. ನಮ್ಮ ಊರಿಗೆ ಇರುವ ಗ್ಯಾರೇಜು ಯಾವುದು? ವತಾರು ಅವರದು. ಅದಕ್ಕೆ ಬೀಗ ಬಿದ್ದ ಮೇಲೆ ನಾವು ಎಲ್ಲಿಗೆ ಹೋಗಬೇಕು? ಜ್ವಾಲಾಮುಖಿಯ ಆಚೆ, ಹಿಲೋಗೆ. ಹೋಗುತ್ತಾ ಐವತ್ತು ಮೈಲಿ, ಬರುತ್ತಾ ಐವತ್ತು. ಅಂದರೆ, ಅತಿಥಿಗಳೇ, ನಾನು ಎಷ್ಟು ಮೈಲಿ ಓಡಿದ್ದೇನೆಂದು ನಿಮಗೆ ತಿಳಿಸುವುದಕ್ಕಾಗಿಯೇ ನಾನು ನೂರು ಮೈಲಿ ಓಡಬೇಕು, ಆ ನೂರು ಮೈಲಿಗೂ ತೆರಿಗೆ ಕಟ್ಟಬೇಕು. ಇದನ್ನು ಹೊನಲುಲುವಿನಲ್ಲಿ ಯಾರಾದರೂ ಯೋಚಿಸಿದ್ದರೇ? ಇಲ್ಲ. ಅಲ್ಲಿ ಗ್ಯಾರೇಜು ಮನೆಯ ಪಕ್ಕದಲ್ಲೇ ಇರುತ್ತದೆ.

"ಎಷ್ಟು ಮಹಾ ದುಡ್ಡು ಅಜ್ಜಿ, ಒಂದು ಸಲ ಊಟ ಮಾಡಿದಷ್ಟು ಆಗಲ್ಲ" ಎಂದು ನನ್ನ ಮೊಮ್ಮಗಳ ಗಂಡನೂ ಹೇಳಿದ. ನಿಜ, ದುಡ್ಡು ದೊಡ್ಡದಲ್ಲ. ದುಡ್ಡಿಗಾಗಿ ನಾನು ಇಷ್ಟು ಕೂಗಾಡುತ್ತಿಲ್ಲ. ಪೆಟ್ರೋಲ್ ತೆರಿಗೆಯಲ್ಲಿ ಒಂದು ಮರ್ಯಾದೆ ಇತ್ತು. ಟ್ಯಾಂಕ್ ತುಂಬಿಸಿದೆ, ದುಡ್ಡು ಕೊಟ್ಟೆ, ಹೊರಟೆ. ಎಲ್ಲಿಗೆ ಹೋದೆ, ಯಾಕೆ ಹೋದೆ, ಎಷ್ಟು ಸಲ ಹೋದೆ ಎಂದು ಯಾರಾದರೂ ಕೇಳಿದ್ದುಂಟೇ? ಈಗ ಮೈಲಿಯ ಬಿಲ್ಲು ಬರುತ್ತದೆ. ಬಿಲ್ಲು ಕಟ್ಟುವ ಮೊಮ್ಮಗಳು ಕಲೇನಾ ಕೇಳುತ್ತಾಳೆ, "ಅಜ್ಜಿ, ನೀನು ಎಲ್ಲಿಗೂ ಹೋಗಲ್ಲ ಅಂತೀಯಲ್ಲ, ಇಷ್ಟೊಂದು ಮೈಲಿ ಯಾರು ಓಡಿಸಿದ್ದು, ದೆವ್ವಾನಾ?"

ನಾನು ಚರ್ಚಿಗೆ ಹೋಗಿದ್ದೆ ಎಂದೆ.

ನಗಬಹುದು. ಚರ್ಚು ನಮ್ಮ ಮನೆಯ ಎದುರಿಗೇ ಇದೆ ಎಂದು ನಿಮಗೆಲ್ಲ ಗೊತ್ತು.

ವತಾರು ಅವರ ಬಗ್ಗೆ ಹೇಳಬೇಕಲ್ಲವೇ, ಅದಕ್ಕೇ ಬರುತ್ತಿದ್ದೇನೆ. ನನ್ನ ಯಜಮಾನರು ಹರ್ಮನ್ ಹಿಲೋದ ಆರೈಕೆ ಮನೆಯಲ್ಲಿದ್ದಾಗ ನಾನು ವಾರಕ್ಕೆ ನಾಲ್ಕು ದಿನ ಹೋಗಿ ಬರುತ್ತಿದ್ದೆ. ಕೊನೆಕೊನೆಗೆ ಅವರಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. ನಾನು ಯಾರಿಗೂ ಹೇಳಿಕೊಂಡಿರಲಿಲ್ಲ. ಆ ವರ್ಷ ತಪಾಸಣೆಯಲ್ಲಿ ವತಾರು ಮೀಟರು ನೋಡಿದರು, ಟೈರು ನೋಡಿದರು. "ಟೈರು ಸವ್ದೋಗಿದೆ ಅಡೆಲಿನ್, ಜ್ವಾಲಾಮುಖಿ ರಸ್ತೆ ಮಳೇಲಿ ಜಾರುತ್ತೆ" ಎಂದು ಹೇಳಿ ನಾಲ್ಕನ್ನೂ ಬದಲಾಯಿಸಿದರು. ಹರ್ಮನ್ ಹೋದ ಮರುವರ್ಷ ಮತ್ತೆ ಮೀಟರು ನೋಡಿದರು. "ಏನಿದು, ಗಾಡಿ ಅಲ್ಲಾಡೇ ಇಲ್ವಲ್ಲ. ಹೀಗೆ ನಿಲ್ಸಿದ್ರೆ ಬ್ಯಾಟರಿ ಸತ್ತೋಗುತ್ತೆ. ಸ್ವಲ್ಪ ಹೊರಗೆ ಹೋಗು" ಎಂದರು. ಅವರು ಹೇಳಿದ್ದು ಬ್ಯಾಟರಿಯ ವಿಷಯವೇ ಎಂದು ನಾನು ಬಹಳ ದಿನ ನಂಬಿದ್ದೆ.

ಹೊರಗೆ ಎಂದರೆ ಎಲ್ಲಿಗೆ ಹೋಗುವುದು? ಹನ್ನೆರಡು ಮೈಲಿ ದೂರದ ನಾಲೇಹು ಊರಿನ ಬೇಕರಿಗೆ ಹೋದೆ. ಸಿಹಿ ಬ್ರೆಡ್ಡು ತಂದೆ. ಒಂಟಿ ಹೆಂಗಸು ಅಷ್ಟು ದೊಡ್ಡ ಬ್ರೆಡ್ಡನ್ನು ಏನು ಮಾಡುತ್ತಾಳೆ? ಅರ್ಧವನ್ನು ಗ್ಯಾರೇಜಿಗೆ ಕೊಟ್ಟೆ. "ಯಾರೋ ಕೊಟ್ರು, ಹೆಚ್ಚಾಯ್ತು" ಎಂದೆ. ಮುಂದಿನ ಮಂಗಳವಾರವೂ ಹೆಚ್ಚಾಯಿತು. ಶುಕ್ರವಾರವೂ ಹೆಚ್ಚಾಯಿತು. ಹೀಗೆ ಐದು ವರ್ಷ ನನ್ನ ಮನೆಯಲ್ಲಿ ಬ್ರೆಡ್ಡು ಹೆಚ್ಚಾಗುತ್ತಲೇ ಬಂತು. ಅವರೂ ಸುಮ್ಮನಿರಲಿಲ್ಲ. ಕರೆಂಟಿನ ಕಾರಿಗೆ ಎಣ್ಣೆ ಬದಲಾಯಿಸುವ ಕೆಲಸವಿಲ್ಲ, ಆದ್ದರಿಂದ ಹೋದಾಗಲೆಲ್ಲ ಟೈರಿನ ಗಾಳಿ ನೋಡುತ್ತಿದ್ದರು. ನಾಲ್ಕು ಟೈರಿನ ಗಾಳಿ ನೋಡಲು ಅವರಿಗೆ ಒಂದು ಗಂಟೆ ಬೇಕಾಗುತ್ತಿತ್ತು.

ಮೊನ್ನೆ ಸೋಮವಾರ ಕೊನೆಯ ತಪಾಸಣೆಗೆ ಹೋದೆ. ಕಾರಿನೊಳಗೆ ತಲೆ ಹಾಕಿ ಮೀಟರು ಓದಿದರು.

"ಎಲ್ಲಿಗೆ ಹೋಗಿದ್ದೆ ಅಡೆಲಿನ್ ಇಷ್ಟೊಂದು?"

"ಚರ್ಚಿಗೆ."

"ಹೂಂ," ಎಂದರು. ಚೀಟಿ ಅಂಟಿಸಿದರು, ಕೈ ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ, "ಬ್ರೆಡ್ಡು ಯಾವಾಗಲೂ ಬಿಸಿ ಇರ್ತಿತ್ತು" ಎಂದರು.

ಈಗ ಹೇಳಿ ಸಭಿಕರೇ, ಎಪ್ಪತ್ತೆರಡರ ಹೆಂಗಸಿಗೆ ಇಂಥ ಅವಮಾನ ಮಾಡುವ ತೆರಿಗೆ ಬೇಕಿತ್ತೇ? ಪೆಟ್ರೋಲ್ ತೆರಿಗೆಯ ಕಾಲದಲ್ಲಿ ಇದು ನಡೆಯುತ್ತಿತ್ತೇ? ನಾನು ಎಲ್ಲಿಂದ ಎಲ್ಲಿಗೋ ಬಂದೆ, ಕ್ಷಮಿಸಿ. ಕಲೇನಾ, ಅಳಬೇಡ, ಅಜ್ಜಿಗೆ ಏನೂ ಆಗಿಲ್ಲ. ರೂಬೆನ್, ಈಗ ಯಾಕೋ ನಿನ್ನ ನಗು ನಿಂತಿತು?

ಇನ್ನು ಈ ಸೂಟ್‌ಕೇಸು. ಚೆನ್ನಾಗಿದೆ, ಗಟ್ಟಿಯಾಗಿದೆ, ಚಕ್ರವೂ ಇದೆ. ಸಮಿತಿಯವರು ಕ್ಷಮಿಸಬೇಕು, ಇದನ್ನು ನಾನು ಕೊಡುವುದಿಲ್ಲ. ನನ್ನ ಕೈಯಿಂದ ಆಗುವುದಿಲ್ಲ. ವತಾರು, ನಿಮಗೆ ಬೇಕಿದ್ದರೆ ಅದು ಮೇಜಿನ ಮೇಲೆ ಇಲ್ಲೇ ಇರುತ್ತದೆ, ನೀವೇ ಎತ್ತಿಕೊಳ್ಳಿ. ಬೇಡವಾದರೆ, ಹೊರಗೆ ನನ್ನ ಕಾರು ನಿಂತಿದೆ. ಹಿಂದಿನ ಎಡ ಟೈರಿನಲ್ಲಿ ಗಾಳಿ ಕಡಿಮೆ ಇರಬಹುದು ಎಂದು ನನಗೆ ಅನುಮಾನ. ನೋಡಿದ ಮೇಲೆ ಕರಿ ಮರಳಿನ ತೀರದವರೆಗೆ ಹೋಗಿ ಬರಬಹುದು. ಐದೇ ಮೈಲಿ.

ಮೈಲಿಯ ತೆರಿಗೆ ನಾನು ಕಟ್ಟುತ್ತೇನೆ. ಅತಿಥಿಗಳು ದಯವಿಟ್ಟು ಬರೆದುಕೊಳ್ಳಿ.

ಇಷ್ಟು ಹೊತ್ತು ಊಟ ಬಿಟ್ಟು ನನ್ನ ಮಾತು ಕೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಲೋಹ, ನಮಸ್ಕಾರ.