ಉಳಿದ ಎಣ್ಣೆಯ ದಾನ

ಊರೊಂದರಲ್ಲಿ ಒಬ್ಬ ಸಿರಿವಂತನಿದ್ದ. ಕೆಟ್ಟವನಲ್ಲ, ನೋಡಿ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ನಮ್ಮ ನಿಮ್ಮ ಹಾಗೆ, ಕೊಡುವ ಕೈಯವನು.

ಅವನು ಹೊಸ ಕಾರು ತಂದ. ಕಾರಿನ ಜೊತೆ ಬಂದ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಓದಿದ. ಯಾವ ಗ್ರೇಡಿನ ಎಂಜಿನ್ ಆಯಿಲ್ ಬೇಕು, ಅದು ಎಷ್ಟು ತೆಳುವಾಗಿರಬೇಕು ಎಂದು ನಾಲ್ಕು ಜನರನ್ನು ವಿಚಾರಿಸಿ, ಅದೇ ಗ್ರೇಡಿನ ದುಬಾರಿ ಡಬ್ಬ ತರಿಸಿದ. ತಪ್ಪೇನು? ತಪ್ಪಿಲ್ಲ. ತನ್ನ ಕಾರಿನ ವಿಷಯದಲ್ಲಿ ಅವನು ಬಹಳ ಶ್ರದ್ಧಾವಂತ.

ಕಾರಿಗೆ ಹಾಕಿ ಒಂದು ಲೀಟರ್ ಉಳಿಯಿತು. ಅದನ್ನು ಅಡುಗೆಯಾಕೆಯ ಕೈಗಿಟ್ಟು, ಗಂಡನ ಬೈಕಿಗೆ ಹಾಕಿಸು ಎಂದ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹಿಂಜರಿದಳು. ಬೈಕಿಗೆ ಬೇರೆ ಗ್ರೇಡು, ಬೈಕಿನದ್ದೇ ಎಣ್ಣೆ ಬೇಕೆಂದು ಗಂಡ ಹೇಳುತ್ತಿರುತ್ತಾನೆ ಎಂದಳು.

“ನನ್ನ ಕಾರಿಗೆ ಆಗೋದು ನಿನ್ನ ಗಂಡನ ಡಕೋಟ ಗಾಡಿಗೆ ಆಗಲ್ವೇನಮ್ಮ? ಹಾಕ್ಸು, ವಿಮಾನದ ಥರ ಹೋಗುತ್ತೆ,” ಎಂದು ನಕ್ಕ.

ಅನ್ನ ಕೊಡುವ ಮನೆ. ಬೇಡ ಎನ್ನುವುದು ಹೇಗೆ? ತಂದಳು. ಗಂಡ ಗೊಣಗಿದ. ನಾಳೆ ಯಜಮಾನರು ಕೇಳಿದರೆ ಏನು ಹೇಳಲಿ ಎಂದಳು. ಅವನು ಹಳೆಯದನ್ನು ಇಳಿಸಿ ಇದನ್ನು ಸುರಿದ.

ಆ ಕಾರಿನ ಎಣ್ಣೆಯನ್ನು ಜಾರಲೆಂದೇ ಮಾಡಿರುತ್ತಾರೆ. ಬೈಕಿನಲ್ಲಾದರೋ ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಕ್ಲಚ್ಚಿಗೆ ಹಿಡಿತ ಬೇಕು. ಸಮತಟ್ಟಿನಲ್ಲಿ ಏನೂ ತಿಳಿಯಲಿಲ್ಲ. ಹತ್ತನೇ ತರಗತಿ ಪರೀಕ್ಷೆಯ ಮೊದಲ ದಿನ, ಮಗಳನ್ನು ಹಿಂದೆ ಕೂರಿಸಿಕೊಂಡು ಶಾಲೆಯ ಏರಿಗೆ ಬಂದಾಗ ಕ್ಲಚ್ಚು ಜಾರಿತು; ಎಂಜಿನ್ ಅರಚಿತು, ಗಾಡಿ ಮೇಲೇರಲಿಲ್ಲ. ಅಪ್ಪ ತಳ್ಳಿದ. ಮಗಳು ಇಳಿದು ಓಡಿದಳು. ಗೇಟು ಮುಚ್ಚಿತ್ತು.

ವಿಷಯ ತಿಳಿದ ಸಿರಿವಂತ ಏನಂದ, ಗೊತ್ತೇ?

“ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸ್ತೀಯಲ್ಲಮ್ಮ.”

ಆಕೆ ಒಲೆ ಆರಿಸಿದಳು. “ಹಲ್ಲು ಎಣಿಸ್ಲಿಲ್ಲ ಯಜಮಾನ್ರೇ. ಎಮ್ಮೆ ನನ್ನ ಮಗಳನ್ನೇ ಹಾಯ್ದುಬಿಡ್ತು.”

ಕಥೆ ಕೇಳುತ್ತಾ ಕೂತ ನೀವು ಯಾಕೆ ತಲೆ ತಗ್ಗಿಸಿದಿರಿ? ನನ್ನ ಸಿಟ್ಟು ಎಣ್ಣೆಯ ಮೇಲಲ್ಲ. ಎಣ್ಣೆ ಒಳ್ಳೆಯದೇ. ಹೋಳಿಗೆಯೂ ಒಳ್ಳೆಯದೇ, ಆರು ತಿಂಗಳ ಕೂಸಿನ ಬಾಯಿಗೆ ತುರುಕುತ್ತೀರಾ? ಕಾರಿಗಾಗಿ ಪುಸ್ತಕ ಓದಿದವನು, ಎದುರಿಗೆ ನಿಂತು ಬಾಯಿಬಿಟ್ಟು ಹೇಳಿದವಳ ಮಾತು ಕೇಳಲಿಲ್ಲವಲ್ಲ. ಯಂತ್ರಕ್ಕೆ ಕೊಟ್ಟ ಮರ್ಯಾದೆ ಮನುಷ್ಯರಿಗೆ ಬೇಡವೇ? ನಮಗೆ ಉಳಿದದ್ದನ್ನು ಅವರಿಗೆ ಬೇಕಾದದ್ದು ಎನ್ನುತ್ತೇವೆ. ಮೇಲಿಂದ ಉಪಕಾರ ಸ್ಮರಣೆಯನ್ನೂ ಬಯಸುತ್ತೇವೆ. ನಾಚಿಕೆಯಾಗಬೇಕು ನಮಗೆ.

ಇವತ್ತು ಮನೆಗೆ ಹೋದ ಕೂಡಲೇ ಬಾಗಿಲ ಹಿಂದೆ ಯಾರಿಗೋ ಎಂದು ಕಟ್ಟಿಟ್ಟ ಚೀಲ ಬಿಚ್ಚಿ ನೋಡಿ. ಮಗನಿಗೆ ಬಿಗಿಯಾದ ಶೂ, ಸೊಸೆ ಬೇಡವೆಂದ ಮಿಕ್ಸಿ. ಕೆಲಸದಾಕೆಯನ್ನು ಕೂರಿಸಿ ಕೇಳಿ: ಇದು ನಿನಗೆ ಆಗುತ್ತದೆಯೇ, ನಿನಗೆ ಬೇಕಾದದ್ದೇನು? ಬೇಡ ಎಂದರೆ ಮುಖ ಊದಿಸಬೇಡಿ. ಆಮೇಲೆ ನೆನಪಿಟ್ಟುಕೊಂಡು ಚುಚ್ಚಬೇಡಿ. ನಿಮ್ಮ ಮನೆಯಲ್ಲಿ ನಿಂತು ಆಕೆ ಅಂಜದೆ ‘ಬೇಡಮ್ಮ’ ಎನ್ನುವಂತಾದ ದಿನ ನೀವು ಕೊಡುವುದು ದಾನ. ಅಲ್ಲಿಯವರೆಗೆ ನೀವು ಅಟ್ಟ ಖಾಲಿ ಮಾಡಿಕೊಳ್ಳುತ್ತಿದ್ದೀರಿ, ಅಷ್ಟೇ.