ಕುದಿಸದ ಕಾಳು

ಹಲ್ ಊರಿನ ಬಟ್ಟೆ ಒಗೆಯುವ ಅಂಗಡಿಯಲ್ಲಿ ಮೆಗ್ ಗಿರಾಕಿಗಳ ದುಪ್ಪಟಿ ಮಡಿಸುತ್ತಿದ್ದಳು. ಬೆಂಚಿನ ಮೇಲೆ ಎನಿಡ್ ಆಂಟಿಯೂ ಅವಳ ಪಕ್ಕದ ಮನೆಯ ಟಾನ್ಯಾಳೂ ಕೂತಿದ್ದರು.

"ಇವತ್ತೇನೇ ಅಡುಗೆ?" ಎನಿಡ್ ಟಾನ್ಯಾಳನ್ನು ಕೇಳಿದಳು.

"ಕಾಳು, ಕೀಮಾ ಹಾಕಿ ಚಿಲ್ಲಿ, ಆಂಟಿ. ಅಪ್ಪ ಆಪರೇಶನ್ ಮುಗಿಸ್ಕೊಂಡು ಬಂದ್ರಲ್ಲ, ಅವರಿಗಿಷ್ಟ. ಬೆಳಿಗ್ಗೆ ಎದ್ದವಳೇ ಕರೆಂಟಿನ ಸ್ಲೋ ಕುಕ್ಕರಿಗೆ ಹಾಕ್ಬಿಟ್ಟೆ."

"ಭಲೇ! ಟೋಸ್ಟ್ ಸುಡ್ತಿದ್ದೋಳು ನೀನೇನಾ?"

"ಈ ಸಲ ಬೇಯಿಸಿಟ್ಟ ಡಬ್ಬಿ ಕಾಳೂ ಅಲ್ಲ. ಒಣ ರಾಜ್ಮಾ ತಂದು ನೆನೆಹಾಕಿದ್ದೆ."

ಎನಿಡ್ ನಗು ನಿಂತಿತು. "ಮೊದಲು ಒಲೆ ಮೇಲೆ ಕುದಿಸಿದೆ ತಾನೆ?"

"ಯಾಕೆ? ಕುಕ್ಕರಲ್ಲೇ ನಿಧಾನಕ್ಕೆ ಬೇಯುತ್ತಲ್ಲ."

"ಅದು ಸಣ್ಣ ಕಾವಲ್ಲಿ ಬೇಯಿಸುತ್ತೆ, ಕುದಿಸಲ್ಲ ಕಣೇ. ಕೊತಕೊತ ಕುದೀದಿದ್ರೆ ಆ ಕಾಳಲ್ಲಿ ವಿಷ ಉಳಿಯುತ್ತೆ. ನಮ್ಮ ಚರ್ಚ್ ಊಟದಲ್ಲಿ ಗಟ್ಟಿ ಆಳುಗಳೇ ವಾಂತಿ ಮಾಡಿ ಮಲಗಿದ್ರು. ನಿಮ್ಮಪ್ಪನ ಜೀವ ತಡ್ಕೊಳ್ಳುತ್ತಾ?"

"ಮಧ್ಯಾಹ್ನದ ವಾರ್ತೆ ಬಂದ ತಕ್ಷಣ ಬಡಿಸ್ಕೋತಾರೆ, ಆಂಟಿ."

ಅಂಗಡಿಯ ರೇಡಿಯೋದಲ್ಲಿ ವಾರ್ತೆ ಆಗಲೇ ಮುಗಿಯುತ್ತಿತ್ತು.

ಟಾನ್ಯಾ ಒದ್ದೆ ಬಟ್ಟೆಯನ್ನು ಯಂತ್ರದಲ್ಲೇ ಬಿಟ್ಟು, ಫೋನನ್ನು ಕಿವಿಗೊತ್ತಿಕೊಂಡು ಬೀದಿಗೆ ಓಡಿದಳು. ಎನಿಡ್ ಏದುಸಿರು ಬಿಡುತ್ತ ಹಿಂದೆಯೇ ಹೋದಳು. ಬಾಗಿಲು ಮುಚ್ಚಿಕೊಳ್ಳುವವರೆಗೂ ಟಾನ್ಯಾಳ ದನಿ ಕೇಳುತ್ತಲೇ ಇತ್ತು.

"ಅಪ್ಪಾ, ಫೋನ್ ಎತ್ತಪ್ಪಾ."