ನಮ್ಮ ಟೆರೇಸಿಂದ ಕಂಡ ಚುಕ್ಕಿ

…ಅಲ್ಲ ಮಾವ, ಮೊದಲು ಆ ಸಾಣೆ ಮೆಷಿನ್ ನಿಲ್ಲಿಸಿ. ಕನ್ನಡಕ ಒಂದು ಗಳಿಗೆ ತಡ ಆದ್ರೆ ಯಾರೂ ಕುರುಡರಾಗಲ್ಲ. ಅಂಗಡೀಲಿ ಗಿರಾಕಿನೂ ಇಲ್ಲ. ಹಾಂ. ಈಗ ಇಲ್ಲಿ ನೋಡಿ, ಫೋನಲ್ಲಿ. ನಿಮ್ಮ ನಕ್ಷತ್ರ ನೋಡೋ ಸಂಘದವರು ಹಾಕಿದ್ದಾರೆ. ಕೆಳಗೆ, ಇನ್ನೂ ಕೆಳಗೆ... ಇಲ್ಲಿ. ‘ಮಂಕಾಗಿದ್ದನ್ನು ಮೊದಲು ಕಂಡವರು’ ಅಂತ ಇದೆಯಲ್ಲ, ಮುಂದೆ ಯಾರ ಹೆಸರು? ನಿಮ್ಮ ಅಕ್ಕನ ಮಗಳದು. ನಂದು.

ನಿಮ್ಮ ಚುಕ್ಕಿ ಮಾವ, ನಿಮ್ಮ ಚುಕ್ಕಿ! ವರ್ಷಗಟ್ಟಲೆ ಒಂದೇ ಸಮ ಉರೀತಿರುತ್ತೆ, ಒಂದಿನ ಇದ್ದಕ್ಕಿದ್ದ ಹಾಗೆ ತನ್ನ ಮಸೀಲಿ ತಾನೇ ಮುಳುಗಿ ಮಂಕಾಗುತ್ತೆ, ಆ ದಿನ ಹಿಡೀಬೇಕು ಅಂತ ಮದುವೇನೂ ಮರೆತು ಕೂತಿದ್ರಲ್ಲ, ಅದೇ. ಮಂಕಾಯ್ತು. ಹಿಡಿದಿದ್ದು ನಮ್ಮ ಕುಟುಂಬದವರೇ. ಎಲ್ಲಿ, ಸ್ವಲ್ಪ ನಗಿ.

ನಗಲ್ವಾ?

ಅಮ್ಮನೂ ಹೀಗೇ. ಓಡಿಹೋಗಿ ಹೇಳಿದ್ರೆ ಏನಂದ್ಲು ಗೊತ್ತಾ? ಪಕ್ಕದಲ್ಲಿ ಆ ದರಿದ್ರ ಕಟ್ಟಡ ಎದ್ದಾಗಿಂದ ಟೆರೇಸಿಗೆ ಸಂಜೆ ಬಿಸಿಲೇ ಬೀಳ್ತಿಲ್ಲ, ಬಟ್ಟೆ ಒಣಗ್ತಿಲ್ಲ, ನಿನ್ನ ಚುಕ್ಕಿ ಕಟ್ಕೊಂಡು ನಾನೇನ್ ಮಾಡ್ಲಿ... ನೋಡಿ, ಇಂಥ ಮನೆ. ನಿಮ್ಮನ್ನ ಚುಕ್ಕಿಮಾವ ಅಂತ ಆಡ್ಕೊಂಡು ನಕ್ಕಿದ್ದೇ ಬಂತು. ನಾನು ಮಾತ್ರ ಪೆದ್ದಿ ಥರ ನಿಮ್ಮ ಟಾರ್ಚ್ ಹಿಡ್ಕೊಂಡು, ನಿಮ್ಮ ಸ್ಟೂಲ್ ಹೊತ್ಕೊಂಡು... ‘ಪಕ್ಕದ ಎರಡು ಚುಕ್ಕಿ ನೋಡು ಮಗು, ಇದಕ್ಕಿಂತ ಕಮ್ಮಿನಾ, ಅದಕ್ಕಿಂತ ಜಾಸ್ತಿನಾ?’ ಅಂತ ನೀವು. ‘ಗೊತ್ತಾಗಲ್ಲ ಮಾವ.’ ‘ಮತ್ತೆ ನೋಡು.’ ಯಪ್ಪಾ!

ಯಾಕೆ ಹಾಗೆ ನೋಡ್ತಿದ್ದೀರ?

ಹೌದು, ಆ ರಾತ್ರಿ ನೀವೇ ನಂಗೆ ಫೋನ್ ಮಾಡಿದ್ರಿ. ಇಲ್ಲ ಅಂದ್ನಾ? ಆದ್ರೆ ಏನ್ ಹೇಳಿದ್ರಿ, ನೆನಪು ಮಾಡ್ಕೊಳ್ಳಿ. ‘ಸ್ವಲ್ಪ ಇಳಿದ ಹಾಗಿದೆ, ನಾಳೆ ಇನ್ನೊಂದ್ಸಲ ನೋಡಿ ಆಮೇಲೆ ಸಂಘಕ್ಕೆ ಕಳಿಸ್ತೀನಿ.’ ಇಳಿದ ಹಾಗಿದೆ! ಜೀವಮಾನ ಪೂರ್ತಿ ಕಾದಿದ್ದು ಕಣ್ಣೆದುರಿಗೆ ಬಂದು ನಿಂತಿದೆ, ನಿಮ್ಮದಿನ್ನೂ ‘ಹಾಗಿದೆ’. ಒಂದೇ ಸಲ ನೋಡಿದ್ದನ್ನ ಕಳಿಸಬಾರದು, ಆಸೆ ಕಣ್ಣಿಗೆ ಮೋಸ ಮಾಡುತ್ತೆ, ಅದು ನಿಮ್ಮ ನೇಮ. ಒಪ್ಪಿದೆ. ಮಾರನೇ ದಿನ ಏನಾಯ್ತು? ಮೋಡ. ಅದರ ಮಾರನೇ ದಿನ? ಮೋಡ. ಅಷ್ಟರಲ್ಲಿ ಬೇರೆ ಊರಿನವರು ಯಾರೋ ಹೊಡ್ಕೊಂಡು ಹೋಗ್ತಿದ್ರು. ನಾನು ಕಳಿಸಿದ್ದಕ್ಕೆ ನಮ್ಮಲ್ಲಿ ಉಳೀತು. ನೀವು ನಂಗೆ ಥ್ಯಾಂಕ್ಸ್ ಹೇಳಬೇಕು, ನಿಜವಾಗ್ಲೂ.

ನಿಮ್ಮ ಹೆಸರು ಹಾಕಬಹುದಿತ್ತು, ಅದೇ ತಾನೆ? ಹಾಕ್ತಿದ್ದೆ. ಆದ್ರೆ ನೀವು ಈಗಲೇ ಕಳಿಸಲ್ಲ ಅಂದಿದ್ರಿ, ನಿಮ್ಮ ಹೆಸರಲ್ಲಿ ಹೇಗೆ ಕಳಿಸ್ಲಿ? ನಾನು ಕಂಡಿದ್ದನ್ನ ನಾನು ಕಳಿಸಿದೆ. ಅದರಲ್ಲಿ ತಪ್ಪೇನಿದೆ? ನೀವು ಫೋನ್ ಇಟ್ಟ ತಕ್ಷಣ ಮೆಟ್ಟಿಲು ಹಾರ್ಕೊಂಡು ನಮ್ಮ ಟೆರೇಸಿಗೆ ಹೋದೆ, ನೀವೇ ಗಾಜು ತಿಕ್ಕಿ ಮಾಡ್ಕೊಟ್ಟ ಟೆಲಿಸ್ಕೋಪ್ ತಿರುಗಿಸಿದೆ. ಆಗಲೇ ಪಶ್ಚಿಮಕ್ಕೆ ಇಳಿದುಬಿಟ್ಟಿತ್ತು, ಇನ್ನೇನು ಮುಳುಗುತ್ತೆ ಅನ್ನೋ ಹಾಗೆ. ನೋಡಿದೆ. ಪಕ್ಕದ ಎರಡು ಚುಕ್ಕೀಲಿ ಕೆಳಗಿನದಕ್ಕಿಂತ ಒಂದು ಕೂದಲೆಳೆ ಮಂಕು.

ಏನು? ನೀವೂ ಅದನ್ನೇ ಹೇಳಿದ್ರಿ, ಹೌದು. ಕೂದಲೆಳೆ ಅಂದ್ರಿ. ಇಬ್ಬರಿಗೂ ಒಂದೇ ಥರ ಕಂಡ್ರೆ ಅದು ನಿಜ ಅಂತ ತಾನೆ ಅರ್ಥ? ನೀವೇ ಕಲಿಸಿದ್ದು.

ನೀವು ಹೀಗೆ ಕೂತ್ರೆ ನಂಗೆ... ನಿಮಗೇನು, ನಿಮ್ಮ ಹೆಸರು ಆ ಸಂಘದಲ್ಲಿ ಎಲ್ಲರಿಗೂ ಗೊತ್ತು. ನನ್ನ ಹೆಸರು ಎಲ್ಲಿ ಬಂದಿದೆ ಇಲ್ಲಿವರೆಗೆ? ಪರೀಕ್ಷೆ ಬರೆದು ಬರೆದು ಸಾಕಾಯ್ತು, ಪಾಸಾದವರ ಪಟ್ಟೀಲೂ ಇಲ್ಲ. ಒಂದೇ ಒಂದ್ಸಲ ಬಂತು. ಅದಕ್ಕೂ ಮುಖ ಹೀಗೆ ಮಾಡ್ಕೊಂಡ್ರೆ...

ಅದೇನದು ಕೈ? ಅಂಗೈ ಹಾಗೆ ನೆಟ್ಟಗೆ ಎತ್ತಿ ಯಾಕೆ ಹಿಡಿದಿದ್ದೀರ, ಕಣ್ಣಿಗೂ ಟ್ಯೂಬ್‌ಲೈಟಿಗೂ ಮಧ್ಯೆ? ಏನು ತೋರಿಸ್ತಿದ್ದೀರ...

ಪಶ್ಚಿಮಕ್ಕೆ ಆ ಕಟ್ಟಡ ಅಡ್ಡ ಇದ್ರೂ ಮೂಲೇಲಿ ನಿಂತ್ರೆ ಕಾಣುತ್ತೆ ಮಾವ. ಕಟ್ಟಡದ ಪಕ್ಕದಲ್ಲಿ ಒಂಚೂರು ಸಂದಿ ಇದೆ. ನೀರಿನ ಟ್ಯಾಂಕ್ ಮೇಲೆ ಹತ್ತಿದ್ರೆ...

ಹತ್ತಿ...

ಬೈದುಬಿಡಿ ಮಾವ.

ಕೈ ಇಳಿಸಿ. ನಿಮ್ಮ ಕಾಲಿಗೆ ಬೀಳ್ತೀನಿ, ಕೈ ಇಳಿಸಿ. ಬೇಕಾದ್ರೆ ಮೆಷಿನ್ ಶುರು ಮಾಡಿ... ಮಾಡಿ ಮಾವ, ಅದರ ಸದ್ದಾದ್ರೂ ಇರಲಿ.